ಹತ್ತೂವರೆಗೆ ನಿಲ್ಲುವ ಗಾಡಿ

ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಸೂಜಿಯಕ್ಕ ಎಂದು. ಹೊಲಿಗೆ ಯಂತ್ರ ರಿಪೇರಿ ಅವಳ ಕಸುಬು, ಅಪ್ಪನಿಂದ ಕಲಿತದ್ದು. ಯಂತ್ರ ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ತೊಂದರೆ ಬಾಬಿನ್ನಿನಲ್ಲೋ ಬೆಲ್ಟಿನಲ್ಲೋ ಎಂದು ಕಿವಿಯಿಂದಲೇ ಹೇಳಿಬಿಡುತ್ತಿದ್ದಳು. ನಲವತ್ತಾರು ದಾಟಿದ ಮೇಲೂ ಕಿವಿ ಚುರುಕಾಗಿಯೇ ಇತ್ತು, ಸೊಂಟ ಮಾತ್ರ ಕೈಕೊಟ್ಟಿತ್ತು. ಕಬ್ಬಿಣದ ಹಳೆಯ ಯಂತ್ರವನ್ನು ಮೂರನೇ ಮಹಡಿಯಿಂದ ಇಳಿಸಿ, ಕೈಗಾಡಿಯಲ್ಲಿ ತಳ್ಳಿಕೊಂಡು ಅಂಗಡಿಗೆ ತರುವ ಹೊತ್ತಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ.

"ಅಕ್ಕಾ, ಒಂದಿನ ನಿನ್ನನ್ನೇ ಯಾರಾದ್ರೂ ರಿಪೇರಿಗೆ ಹೊತ್ಕೊಂಡು ಹೋಗ್ಬೇಕಾಗುತ್ತೆ ನೋಡು," ಎಂದು ಪಕ್ಕದಲ್ಲೇ ನೂಲು, ಗುಂಡಿ ಮಾರುತ್ತಿದ್ದ ತಮ್ಮ ರೇಗಿಸುತ್ತಿದ್ದ. ಊರಾಚೆಯ ಎಲೆಕ್ಟ್ರಿಕ್ ಸರಕು ಸೈಕಲ್ ಕಂಪನಿ ಮುಳುಗುತ್ತಿದೆ, ಪರೀಕ್ಷೆಗೆ ಓಡಿಸಿದ ಹಳೆಯ ಗಾಡಿಗಳನ್ನು ಮಾರುತ್ತಿದ್ದಾರೆ ಎಂಬ ಸುದ್ದಿ ತಂದವನೂ ಅವನೇ.

ಅವಳು ಹೋದಾಗ ಕಾರ್ಖಾನೆಯ ಗೇಟು ಹಾರುಹೊಡೆದಿತ್ತು. ಒಳಗೆ ಉದ್ದನೆಯ ಹಜಾರ. ಮೇಲಿನ ಕೊಕ್ಕೆಗಳಲ್ಲಿ ಬಣ್ಣ ಬಳಿಯದ ಚೌಕಟ್ಟುಗಳು ಸಾಲಾಗಿ ನೇತಾಡುತ್ತಿದ್ದವು. ಗಾಳಿಯ ಸುಳಿವಿಲ್ಲದಿದ್ದರೂ ಕೊನೆಯದೊಂದು ಮೆಲ್ಲಗೆ ತಿರುಗುತ್ತಿತ್ತು. ಮೇಜಿನ ಮೇಲೆ ಅರ್ಧ ಬಿಗಿದ ಚಕ್ರ, ಕುರ್ಚಿಯ ಬೆನ್ನಿಗೆ ಯಾರದೋ ಸ್ವೆಟರು. ಟೀ ಕುಡಿಯಲು ಎದ್ದುಹೋದ ನಲವತ್ತು ಜನ ಮರಳಿ ಬರಲೇ ಇಲ್ಲವೇನೋ ಅನ್ನಿಸುವಂತಿತ್ತು. ಉಳಿದಿದ್ದವನು ಒಬ್ಬ ಫಿಟ್ಟರ್ ಮಾತ್ರ. ಮೂವತ್ತರ ಆಸುಪಾಸು, ಮಾತು ಕಡಿಮೆ.

ಮೂಲೆಯಲ್ಲಿದ್ದ ಬೂದು ಬಣ್ಣದ ಗಾಡಿ ಅವಳ ಕಣ್ಣಿಗೆ ಬಿತ್ತು. ಮುಂದೆ ತೊಟ್ಟಿಯಂಥ ಪೆಟ್ಟಿಗೆ, ಎರಡು ಯಂತ್ರ ಆರಾಮಾಗಿ ಹಿಡಿಯುವಷ್ಟು. ಚಕ್ರ ತಿರುಗಿಸಿ ಮೋಟರಿಗೆ ಕಿವಿಗೊಟ್ಟಳು. ಎಲ್ಲೂ ತಡೆಯಿಲ್ಲದ, ತೆಳುವಾದ ಗುಂಯ್‌ ಸದ್ದು.

"ಅದು ಬೇಡಮ್ಮ. ಆ ಕೆಂಪು ಗಾಡಿ ತಗೊಳ್ಳಿ," ಎಂದ ಫಿಟ್ಟರ್.

"ಯಾಕೆ, ಇದರಲ್ಲೇನು ಕೆಟ್ಟಿದೆ?"

"ಏನೂ ಕೆಟ್ಟಿಲ್ಲ."

"ಮತ್ತೆ?"

ಅವನು ಜೇಬಿಗೆ ಕೈ ಹಾಕಿದ. ಕೀಲಿಯನ್ನು ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟ. ದುಡ್ಡು ಎಣಿಸಿಕೊಂಡು ಅವಳ ಮೊಬೈಲಿಗೆ ಕಂಪನಿಯ ಆ್ಯಪ್ ಹಾಕಿಕೊಟ್ಟ. ಗಾಡಿ ಎಲ್ಲಿದೆ ಎಂದು ನಕ್ಷೆಯ ಮೇಲೆ ಹಸಿರು ಚುಕ್ಕಿ ತೋರಿಸುತ್ತಿತ್ತು.

ಮೂರನೇ ದಿನ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಎಣ್ಣೆ ಬಿಡುತ್ತಿದ್ದವಳು ಸುಮ್ಮನೆ ಮೊಬೈಲ್ ತೆರೆದಳು. ಚುಕ್ಕಿ ಓಡುತ್ತಿತ್ತು. ಗಾಬರಿಯಿಂದ ತಲೆಯೆತ್ತಿದರೆ ಗಾಡಿ ಎದುರಿಗೇ, ಬಾಗಿಲ ಬಳಿ, ಬೀಗ ಹಾಕಿಕೊಂಡು ನಿಂತಿತ್ತು. ಚುಕ್ಕಿ ಮಾತ್ರ ಸೇತುವೆ ದಾಟಿ, ಹಳೇ ಗೋದಾಮುಗಳ ಹಿಂದಿನ ಗಲ್ಲಿಗೆ ಹೊರಳಿ, ಒಂದು ಮನೆಯ ಮುಂದೆ ನಿಂತಿತು. ಹತ್ತೂವರೆ. ನಲವತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಫಿಟ್ಟರ್‌ಗೆ ಫೋನ್ ಮಾಡಿದಳು.

"ಸರ್ವರ್ ಕೆಟ್ಟಿದೆ, ನೋಡ್ಕೊಳ್ಳೋರು ಯಾರೂ ಇಲ್ಲ," ಎಂದ. "ಅದು ತೋರಿಸ್ತಿರೋದು ಹೋದ ವರ್ಷದ ಓಡಾಟ. ಆಗ ನಮ್ಮ ಟೆಸ್ಟ್ ರೈಡರ್ ಒಬ್ಬ ಮರಳು ಮೂಟೆ ತುಂಬ್ಕೊಂಡು ದಿನಾ ಓಡಿಸ್ತಿದ್ದ. ಅದನ್ನ ನೋಡ್ಬೇಡಿ, ಅಳಿಸಿಬಿಡಿ."

ನೋಡಬೇಡ ಅಂದದ್ದೇ ತಪ್ಪಾಯಿತು. ಸೂಜಿಯಕ್ಕನಿಗೆ ಅದೇ ಚಾಳಿಯಾಯಿತು. ಹತ್ತೂವರೆಯಾದರೆ ಕೈಯ ಕೆಲಸ ಬಿಟ್ಟು ನೋಡುವಳು. ಮಳೆ ಸುರಿಯುತ್ತಿದ್ದ ದಿನವೂ ಚುಕ್ಕಿ ಅದೇ ಮನೆ ಮುಂದೆ ನಿಂತಿತು. ಮೂರು ವಾರದ ಮೇಲೆ ಅದು ಕಾರ್ಖಾನೆಯಿಂದ ಹೊರಡಲೇ ಇಲ್ಲ. ನಾಲ್ಕು ದಿನ ಹಾಗೇ ಇತ್ತು. ಐದನೇ ದಿನ ಮತ್ತೆ ಹೊರಟಿತು, ಅದೇ ಮನೆಗೆ, ಅದೇ ಹೊತ್ತಿಗೆ. ಆದರೆ ಎರಡೇ ನಿಮಿಷ ನಿಂತು ಹಿಂದಿರುಗಿತು. ಮರುದಿನವೂ ಅಷ್ಟೇ. ಹೀಗೆ ಹನ್ನೊಂದು ದಿನ. ಆಮೇಲೆ ಅಲುಗಲಿಲ್ಲ.

"ಯಾರೋ ಬಾಗಿಲವರೆಗೆ ಹೋಗಿ ಒಳಗೆ ಹೋಗದೆ ಬಂದ ಹಾಗಿದೆ ಕಣೋ," ಎಂದಳು ತಮ್ಮನಿಗೆ.

"ನಿಂಗೆ ಬೇಡದ ಉಸಾಬರಿ," ಎಂದು ಅವನು ಬೈದ. ಆದರೂ ಹನ್ನೆರಡನೆಯ ದಿನ ಅವಳು ಗಾಡಿ ತೆಗೆದುಕೊಂಡು ಆ ಗಲ್ಲಿಗೆ ಹೋದಳು.

ಗಾಡಿ ನಿಲ್ಲಿಸಿ ಕಾಲು ನೆಲಕ್ಕೂರುವ ಮೊದಲೇ ಒಳಗಿನಿಂದ ಹೆಂಗಸಿನ ದನಿ ಬಂತು: "ಬಾಗಿಲು ತೆಗೆದಿದೆ, ಬಾ."

ಸೂಜಿಯಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಳಕೋಣೆಯಲ್ಲಿ ಅರವತ್ತು ದಾಟಿದ ಒಬ್ಬಾಕೆ ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದಳು. ನೆನೆಸಿದ ಬೆತ್ತ ಬೆರಳಿಗೆ ಸುತ್ತಿಕೊಂಡಿತ್ತು, ಒಂದು ಮಂಡಿ ಬಟ್ಟೆಯಲ್ಲಿ ಬಿಗಿದಿತ್ತು. ಬಂದವಳನ್ನು ನೋಡಿ ಅವಳ ಮುಖ ಇಳಿಯಿತು.

"ಗಾಡಿ ಅವನದೇ. ನೀನ್ಯಾರು ತಾಯಿ?"

ಸೂಜಿಯಕ್ಕ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಬೆತ್ತದಾಕೆ ಹೇಳಿದ್ದು ಇಷ್ಟು: ಆ ರೈಡರ್ ಒಮ್ಮೆ ನೀರು ಕೇಳಲು ಬಂದವನು ದಿನಾ ಬರತೊಡಗಿದ. ಟೀ ಕುಡಿದು, ಪೇಪರ್ ಓದಿ ಹೇಳಿ ಹೋಗುತ್ತಿದ್ದ. ಒಂದು ದಿನ ಬರಲಿಲ್ಲ.

"ನಾಕು ದಿನ ಬಿಟ್ಟು ಗಾಡಿ ಸದ್ದು ಕೇಳಿಸ್ತು. ಟೀ ಬಗ್ಗಿಸಿ ಕೂಗಿದೆ. ಒಳಗೆ ಬರ್ಲಿಲ್ಲ. ಈ ಕಾಲು ಎಳ್ಕೊಂಡು ಬಾಗಿಲಿಗೆ ಹೋಗೋಷ್ಟರಲ್ಲಿ ಗಲ್ಲಿ ಖಾಲಿ. ಅವನಿಗೆ ಏನಂದೆನೋ, ಯಾಕೆ ಮುನಿಸ್ಕೊಂಡನೋ ಅಂತ ವರ್ಷವೆಲ್ಲ ಯೋಚಿಸಿದೀನಿ."

ಸೂಜಿಯಕ್ಕ ಅಲ್ಲಿಂದ ನೇರ ಕಾರ್ಖಾನೆಗೆ ಹೋದಳು. ಫಿಟ್ಟರ್ ಅವಳ ಮುಖ ನೋಡಿದವನೇ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಇಲ್ಲೇ ಸತ್ತ," ಎಂದ. "ಮೂಟೆ ಇಳಿಸ್ತಾ ಎದೆ ಹಿಡ್ಕೊಂಡು ಕುಸಿದ. ಆ ಮನೆ ವಿಷಯ ನಂಗೊಬ್ಬನಿಗೇ ಹೇಳಿದ್ದ. ತಿಳಿಸಿ ಬರೋಣ ಅಂತ ಅದೇ ಗಾಡಿಲಿ ಹೋದೆ. 'ಬಾ, ಟೀ ಆರ್ತಿದೆ' ಅಂತ ಒಳಗಿಂದ ಕೂಗಿದ್ರು. ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ."

"ಈಗ ಹೊರಡಿಸು. ನಡಿ," ಎಂದಳು ಸೂಜಿಯಕ್ಕ.

ಬೆತ್ತದಾಕೆ ಎಲ್ಲವನ್ನೂ ಕೇಳಿಸಿಕೊಂಡಳು. ಅಳಲಿಲ್ಲ. ಬೆರಳಿನ ಬೆತ್ತ ಬಿಚ್ಚಿ ಪಕ್ಕಕ್ಕಿಟ್ಟಳು.

"ಹಾಗಾದ್ರೆ ಅಷ್ಟು ದಿನ ಬಂದು ನಿಂತಿದ್ದು ನೀನಾ?"

"ಹೌದಮ್ಮ. ಮೂರು ದಿನ ಬಂದೆ. ಆಮೇಲೆ ಧೈರ್ಯ ಸಾಲದೆ ಗಾಡಿಗೆ ಬೀಗ ಹಾಕಿ ಕೀಲಿ ಜೇಬಲ್ಲಿಟ್ಕೊಂಡೆ. ಈ ಅಮ್ಮ ಬರೋವರೆಗೂ ಯಾರಿಗೂ ಕೊಟ್ಟಿಲ್ಲ."

"ಮೂರಲ್ಲಪ್ಪ," ಎಂದಳು ಅವಳು ಮೆಲ್ಲಗೆ. "ಹನ್ನೊಂದು ದಿನ. ಎರಡನೇ ಲೋಟದ ಟೀ ಹನ್ನೊಂದು ಸಲ ಚೆಲ್ಲಿದೀನಿ."

ಫಿಟ್ಟರ್‌ನ ಮುಖ ಬಿಳುಚಿತು. ಸೂಜಿಯಕ್ಕನ ಕೈ ಚೀಲದೊಳಗಿನ ಮೊಬೈಲಿನ ಮೇಲಿತ್ತು. ಹೊರಗೆ ತೆಗೆಯಲು ಅವಳಿಗೆ ಮನಸ್ಸಾಗಲಿಲ್ಲ. ಮೂವರೂ ತೆರೆದ ಬಾಗಿಲ ಕಡೆ ನೋಡಿದರು.

ಅದೇ ವಾರ ಕಂಪನಿಗೆ ಬೀಗ ಬಿತ್ತು, ಮೊಬೈಲಿನ ನಕ್ಷೆ ಬಿಳಿಯಾಯಿತು. ಸತ್ತವನಿಗೊಬ್ಬ ತಂಗಿ ಇದ್ದಾಳೆಂದು ಫಿಟ್ಟರ್‌ನಿಂದ ತಿಳಿದು, ಭಾನುವಾರ ಬೆತ್ತದಾಕೆ ಅವಳನ್ನು ಮಾತಾಡಿಸಬೇಕೆಂದಳು. ಅವಳ ಮನೆ ನಾಲ್ಕು ಬೀದಿ ಆಚೆ. ಸೂಜಿಯಕ್ಕ ಗಾಡಿಯ ಪೆಟ್ಟಿಗೆಯಲ್ಲಿ ದಿಂಬು ಹಾಸಿ, "ಆ ಕಾಲಲ್ಲಿ ಎಲ್ಲಿ ನಡೀತೀರಿ, ಕೂತ್ಕೊಳ್ಳಿ," ಎಂದಳು.

ಬೆತ್ತದಾಕೆ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ದಿಂಬೊಂದನ್ನು ಬಿಟ್ಟರೆ ಅದರಲ್ಲಿ ಏನೂ ಇರಲಿಲ್ಲ.

"ಬೇಡ," ಎಂದಳು. "ಜಾಗ ಇಲ್ಲ."

ಒಂದು ಕೈ ಪೆಟ್ಟಿಗೆಯ ಅಂಚಿನ ಮೇಲಿಟ್ಟು, ಕುಂಟುತ್ತ, ದಾರಿಯುದ್ದಕ್ಕೂ ಪಕ್ಕದಲ್ಲೇ ನಡೆದಳು. ಸೂಜಿಯಕ್ಕ ಮೋಟರ್ ಹಾಕಲಿಲ್ಲ. ತಳ್ಳಿಕೊಂಡೇ ಹೋದಳು.