ವರ್ಲಿನ್ ಪಾಲಿಗೆ ಉಳಿದ ಸ್ವರ

ಕ್ಷೌರ ಮಾಡುತ್ತಾ ವರ್ಲಿನ್ ಟ್ಯಾಕೆಟ್ ಗುನುಗುವುದು ಯಾವ ಹಾಡು ಎಂದು ಅಮೆರಿಕದ ಓಹಾಯೋದ ನಮ್ಮ ಊರಿನಲ್ಲಿ ಯಾರಿಗೂ ಪತ್ತೆಯಾಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತವರು ಕಿವಿಗೊಟ್ಟು ಕೇಳಿ ಊಹಿಸುತ್ತಿದ್ದರು. ಒಂದೇ ಸ್ವರದಲ್ಲಿ ನಾಲ್ಕು ಪದ, ಆಮೇಲೆ ಎಲ್ಲಿಗೋ ಒಂದು ನೆಗೆತ, ಮತ್ತೆ ಅಲ್ಲೇ ಠಿಕಾಣಿ.

“ಏನಯ್ಯಾ, ಹಾಡ್ತಿದ್ದೀಯೋ, ಹಲ್ಲುನೋವೋ?” ಎಂದು ಅಂಚೆಯವನು ಕೆಣಕಿದರೆ, “ಇದು ಹಾಡಿನ ಕಾಲು ಭಾಗ ಕಣಯ್ಯಾ. ಮುಕ್ಕಾಲು ಶನಿವಾರ ಬರುತ್ತೆ,” ಎನ್ನುತ್ತಿದ್ದ.

ಬರುತ್ತಿತ್ತು ಕೂಡ. 1948ರಲ್ಲಿ ಸರದಿಗೆ ಕಾಯುತ್ತಿದ್ದ ಮೂವರು ಬೇಸರ ಕಳೆಯಲು ಹಾಡತೊಡಗಿದಾಗ ವರ್ಲಿನ್ ಕತ್ತರಿ ಕೆಳಗಿಟ್ಟು ದನಿಗೂಡಿಸಿದ್ದ. ಅಂದಿನಿಂದ ನಾಲ್ವರದೂ ಒಂದು ತಂಡ; ಪ್ರತಿ ಶನಿವಾರ ಒಂದೇ ಹಾಡನ್ನು ಒಬ್ಬೊಬ್ಬರು ಒಂದೊಂದು ಸ್ವರದಲ್ಲಿ ಹಾಡುವುದು. ಹಾಡಿನ ಧಾಟಿ ಮೊಳೆ-ಸುತ್ತಿಗೆ ಮಾರುವ ಡ್ಯೂಯಿ ಆಂಬ್ಲರನದು. ಮೇಲಿನ ದನಿ ಕ್ಲೀಟಸ್‌ನದು, ತಳದ ದನಿ ದಢೂತಿ ರೋಲೋನದು. ಮೂವರೂ ಬೇಕಾದ ಸ್ವರ ಹಿಡಿದ ಮೇಲೆ ಉಳಿದದ್ದು ವರ್ಲಿನ್‌ಗೆ. ಅವನು ಹಾಡಿದ್ದು ಯಾರಿಗೂ ಬೇರೆಯಾಗಿ ಕೇಳಿಸದು. ಬಾಯಿ ಮುಚ್ಚಿದರೆ ಮಾತ್ರ ಹಾಡೆಲ್ಲ ಸಪ್ಪೆ. ಇಂಥ ಚಾಕರಿಗೆ ಯಾರು ಒಪ್ಪುತ್ತಾರೆ ಹೇಳಿ! ವರ್ಲಿನ್ ಇಪ್ಪತ್ತೆಂಟು ವರ್ಷ ಖುಷಿಯಿಂದ ಮಾಡಿದ.

ಒಂದು ಮಂಗಳವಾರ ಡ್ಯೂಯಿ ತನ್ನ ಅಂಗಡಿಯಲ್ಲೇ ಕುಸಿದು ತೀರಿಕೊಂಡ. ಮರುದಿನ ಅವನ ಹೆಂಡತಿ ಲೊರೀನ್ ವರ್ಲಿನ್‌ನ ಕ್ಷೌರದಂಗಡಿಗೆ ಬಂದಳು.

“ಶುಕ್ರವಾರ ಚರ್ಚಿನಲ್ಲಿ ಅವನ ಅಂತ್ಯಕ್ರಿಯೆಗೆ, ನೀವು ನಾಲ್ವರೂ ಹಾಡ್ತಿದ್ರಲ್ಲ, ಅವನಿಗಿಷ್ಟದ ಆ ದೋಣಿ ಹಾಡು, ಅದನ್ನ ನೀನು ಹಾಡ್ಬೇಕು, ವರ್ಲಿನ್. ಅವನ ಪಕ್ಕದಲ್ಲೇ ನಿಂತಿದ್ದವನು ನೀನು.”

“ಅದಕ್ಕೇನಂತೆ, ಹಾಡ್ತೀನಿ,” ಎಂದುಬಿಟ್ಟ.

ಅವಳು ಹೋದ ಮೇಲೆ ಬಾಯಿ ತೆರೆದರೆ ಬಂದದ್ದು ತನ್ನ ಪಾಲು. ಪದಗಳೆಲ್ಲ ನಾಲಿಗೆಯ ತುದಿಯಲ್ಲಿವೆ, ಧಾಟಿ ಮಾತ್ರ ಗಂಟಲಿಗೆ ಬರುತ್ತಿಲ್ಲ. ಕ್ಲೀಟಸ್‌ನ ಮನೆಗೆ ಓಡಿದ.

“ಧಾಟಿ ಸ್ವಲ್ಪ ಹೇಳ್ಕೊಡೋ ಮಾರಾಯ!”

“ಅದೇನು ಮಹಾ,” ಎಂದು ಕ್ಲೀಟಸ್ ಶುರುಮಾಡಿದ. ಎರಡನೇ ಪದಕ್ಕೇ ಸ್ವರ ಅಟ್ಟ ಹತ್ತಿತು. ಕಣ್ಣರಳಿಸಿದ. “ಅಯ್ಯೋ, ನನಗೂ ಬರಲ್ವಲ್ಲೋ!” ರೋಲೋನನ್ನು ಕೇಳಿದರೆ ಬರೀ ಬೊಂ ಬೊಂ. ಮೂವರೂ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ನಾಚಿಕೆಯಿಂದ ತಲೆ ತಗ್ಗಿಸಿದರು.

ಶುಕ್ರವಾರ ಚರ್ಚಿನ ಬಾಗಿಲಲ್ಲಿ ವರ್ಲಿನ್ ಒಪ್ಪಿಕೊಂಡ. “ಲೊರೀನ್, ನಮಗೆ ನಮ್ಮ ನಮ್ಮ ಪಾಲು ಬಿಟ್ರೆ ಏನೂ ಬರಲ್ಲ.”

ಅವಳು ಬಾಗಿಲು ತೆರೆದು ಹಿಡಿದಳು. “ಹಾಗಿದ್ರೆ ಅದನ್ನೇ ಹಾಡಿ.”

ನಡುವೆ ಒಬ್ಬನಷ್ಟು ಜಾಗ ಬಿಟ್ಟು ನಿಂತು ಮೂವರು ಹಾಡಿದರು. ಬೆಂಚಿನಲ್ಲಿ ಕೂತವರು ಧಾಟಿ ಈಗ ಬಂದೀತು, ಆಗ ಬಂದೀತು ಎಂದು ಮುಂದಕ್ಕೆ ಬಾಗಿದರು. ಬರಲಿಲ್ಲ. ಹಾಡು ಮುಗಿಯಿತು. ವರ್ಲಿನ್‌ಗೆ ಭೂಮಿಗಿಳಿದು ಹೋದಂತಾಯಿತು.

“ತಪ್ಪು ತಿಳ್ಕೋಬೇಡ, ಲೊರೀನ್. ನಡುವೆ ಪೂರ್ತಿ ಖಾಲಿ ಖಾಲಿ ಕೇಳಿಸ್ತು.”

ಅವಳು ಅವನ ಕೈ ಹಿಡಿದುಕೊಂಡಳು. “ಮಂಗಳವಾರದಿಂದ ನಮ್ಮನೇಲೂ ಹೀಗೇ ಕೇಳಿಸ್ತಿದೆ, ವರ್ಲಿನ್. ಜನಕ್ಕೆ ಹೇಗೆ ಹೇಳೋದು ಅಂತ ಗೊತ್ತಾಗ್ತಿರಲಿಲ್ಲ.”