ಕಾಗದದ ರವಿಕೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಒಂದು ಹೆಣ್ಣುಮಕ್ಕಳ ಹೊಲಿಗೆ ಶಾಲೆಯಲ್ಲಿ ಮೇಡಂ ಆಗಿದ್ದೆ. ಮೊದಲ ವರ್ಷ ಯಾರೂ ಬಟ್ಟೆ ಮುಟ್ಟುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಹಳೇ ಪೇಪರಿನ ಮೇಲೆ ಗುರುತು ಹಾಕಬೇಕು, ಪೇಪರನ್ನೇ ಕತ್ತರಿಸಬೇಕು, ಪೇಪರನ್ನೇ ಮೆಷಿನ್ನಿಗೆ ಕೊಟ್ಟು ಹೊಲಿಯಬೇಕು. ಸಂಜೆ ಆ ರವಿಕೆಗಳನ್ನೆಲ್ಲ ಆಯಾ ಗುಡಿಸಿ, ಒಲೆ ಹಚ್ಚಲು ಮನೆಗೆ ಒಯ್ಯುತ್ತಿದ್ದಳು.

ದಸರಾ ರಜೆ ಮುಗಿಯುವ ಹೊತ್ತಿಗೆ ಅರ್ಧ ಕ್ಲಾಸು ಖಾಲಿ. "ಹಳ್ಳಿ ಹುಡ್ಗೀರಿಗೆ ಶ್ರದ್ಧೆ ಇಲ್ಲ ಕಣ್ರೀ" ಎಂದು ನಮ್ಮ ಮುಖ್ಯಸ್ಥರು ಪ್ರತಿ ವರ್ಷ ಹೇಳುವುದನ್ನೇ ಹೇಳಿದರು. ನನಗೆ ಮೈ ಉರಿಯಿತು. ಬೆಳಗಾಗುವ ಮುಂಚೆ ಎದ್ದು, ಮನೆಗೆಲಸ ಮುಗಿಸಿ, ರೈಲು ಹಿಡಿದು ಬರುವವರಿಗೆ ಶ್ರದ್ಧೆ ಇಲ್ಲವಂತೆ. ಹೀಗೆನ್ನುವ ಮುಖ್ಯಸ್ಥರ ಮನೆ ಇದ್ದದ್ದು ಶಾಲೆಯ ಹಿಂದಿನ ಬೀದಿಯಲ್ಲಿ.

ಗುಬ್ಬಿಯಿಂದ ಬರುವ ಹುಡುಗಿಯೊಬ್ಬಳು ಕೊನೆಯ ಮೆಷಿನ್ನಿನ ಮೇಲೆ ತಲೆಯಿಟ್ಟು ದಿನಾ ತೂಕಡಿಸುತ್ತಿದ್ದಳು. ಒಂದು ದಿನ ರೇಗಿ ಕೇಳಿದೆ: "ಏನೇ, ರಾತ್ರಿ ಮಲಗಲ್ವಾ?"

"ಮಲಗ್ತೀನಿ ಮೇಡಂ. ಈ ಪೇಪರ್ ಜಾಕೀಟ ಯಾರು ಹಾಕ್ಕೊತಾರೆ ಅಂತ ಎದ್ದಿರ್ಲಿ?"

ಕ್ಲಾಸೆಲ್ಲ ಗೊಳ್ಳೆಂದಿತು. ಬೈಯಲು ಬಾಯಿ ತೆರೆದವಳು ನಾನೂ ನಕ್ಕುಬಿಟ್ಟೆ.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಂಕುಮದ ಜೊತೆ ರವಿಕೆ ಕಣ ಕೊಡುತ್ತಾರಲ್ಲ, ಆ ಕಣಗಳನ್ನು ಯಾರೂ ಹೊಲಿಸುವುದಿಲ್ಲ. ಇವರು ಅವರಿಗೆ, ಅವರು ಇನ್ನೊಬ್ಬರಿಗೆ ದಾಟಿಸುತ್ತಲೇ ಇರುತ್ತಾರೆ. ಪ್ರತಿ ಮನೆಯ ಟ್ರಂಕಿನಲ್ಲೂ ಒಂದು ರಾಶಿ ಬಿದ್ದಿರುತ್ತದೆ. ಮರುದಿನ ಹುಡುಗಿಯರಿಗೆ, ಮನೆಯಲ್ಲಿ ಕೇಳಿ ಒಂದೊಂದು ಕಣ ತನ್ನಿ, ನಿಮಗೆ ಬೇಕಾದವರಿಗೆ ಒಂದು ರವಿಕೆ ಹೊಲಿದುಕೊಡಿ ಎಂದೆ. ಮುಖ್ಯಸ್ಥರು ಗೊಣಗಿದರು. ಗೊಣಗಲಿ ಎಂದು ಬಿಟ್ಟೆ.

ಬಿಟ್ಟುಹೋದವರೂ ವಾಪಸು ಬಂದರು. ಮಧ್ಯಾಹ್ನ ಊಟಕ್ಕೆ ಏಳಿರೆಂದು ಗದರಬೇಕಾಯಿತು. ಗುಬ್ಬಿಯ ಹುಡುಗಿಯಂತೂ ಅಳತೆ ಪಟ್ಟಿ ಹಿಡಿದು ನನ್ನನ್ನೇ ಬೆನ್ನಟ್ಟಿದಳು. ನನ್ನ ಭುಜ, ನನ್ನ ತೋಳು ಅಳೆದು ಅಳೆದು ಕೈ ಪಳಗಿಸಿಕೊಂಡಳು. ಆಮೇಲೆ ಅವರಮ್ಮನಿಗೆ ಹಸಿರು ಕಣದಲ್ಲಿ ಒಂದು ರವಿಕೆ ಹೊಲಿದಳು. ಎಲ್ಲೂ ಒಂದು ಸುಕ್ಕಿಲ್ಲ. ಪರೀಕ್ಷೆ ಪಾಸು ಮಾಡಿ ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರ ಅಂಗಡಿ ಇಡುತ್ತೇನೆ ಎನ್ನುತ್ತಿದ್ದಳು. ಬೋರ್ಡಿಗೆ ಯಾವ ಬಣ್ಣ ಎಂಬುದೂ ತೀರ್ಮಾನವಾಗಿತ್ತು.

ಅವರಮ್ಮ ಆ ರವಿಕೆ ತೊಟ್ಟು ಕುಣಿಗಲ್ಲಿಗೆ ಒಂದು ಮದುವೆಗೆ ಹೋದರು. ಯಾರು ಹೊಲಿದದ್ದು ಎಂದು ಕೇಳಿದವರಿಗೆಲ್ಲ ನನ್ನ ಮಗಳು ಎಂದರು. ಕೇಳಿದವರಲ್ಲಿ ಒಬ್ಬರ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗನಿದ್ದ. ಅವರು ಗುಬ್ಬಿಗೆ ಬಂದು ಹೆಣ್ಣು ನೋಡಿ ಒಪ್ಪಿದರು.

ಪರೀಕ್ಷೆ ಮುಗಿಯುವವರೆಗಾದರೂ ತಡೆಯಿರಿ ಎಂದು ಕೇಳಲು ನಾನು ಗುಬ್ಬಿಗೆ ಹೋದೆ. ಅವರಪ್ಪ ಚಾಪೆ ಹಾಸಿ ಕೂರಿಸಿ, ಎರಡೂ ಕೈ ಮುಗಿದರು.

"ಕಲ್ಯೋದ್ ಕಲ್ತಾಯ್ತಲ್ಲ ಮೇಡಂ. ಅವ್ರೇ ಮೆಷಿನ್ ತಗೊಡ್ತಾರಂತೆ. ನಿಮ್ ದೆಸೆಯಿಂದ ಒಳ್ಳೆ ಸಂಬಂಧ ಬಂತು ನೋಡಿ."

ಒಳಗಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕೊಟ್ಟ ಕಾಫಿ ಅಲ್ಲೇ ಇಟ್ಟು ಎದ್ದೆ.

ಎಂಬತ್ತರ ದಶಕದಲ್ಲಿ ಒಮ್ಮೆ ಪ್ರಾಯೋಗಿಕ ಪರೀಕ್ಷೆ ನಡೆಸಲು ಕುಣಿಗಲ್ಲಿಗೆ ಹೋದಾಗ ಅವಳ ಮನೆ ಹುಡುಕಿಕೊಂಡು ಹೋದೆ. ಮಾತು ಕೊಟ್ಟ ಹಾಗೆ ಮೆಷಿನ್ ತಂದುಕೊಟ್ಟಿದ್ದರು. ಮೂಲೆಯಲ್ಲಿ ಅದರ ಮೇಲೊಂದು ಬಟ್ಟೆ ಹೊದಿಸಿ, ರೇಡಿಯೋ ಇಟ್ಟಿದ್ದರು.

"ಕಂಡೋರ ಜಾಕೀಟು ಹೊಲ್ಯೋ ಗತಿ ನಮಗೇನ್ ಬಂದೈತೆ ಅಂತಾರೆ ಅತ್ತೆ," ಎಂದಳು ಮೆಲ್ಲಗೆ. "ನಮ್ದು ಹೊಲ್ಕೊಂಡ್ರೂ ಅಕ್ಕಪಕ್ಕದೋರು ಕೇಳ್ಕೊಂಡ್ ಬತ್ತಾರೆ ಅಂತ, ಅದೂ ಬ್ಯಾಡ ಅಂದವ್ರೆ."

ಅಡುಗೆಮನೆಯಲ್ಲಿ ಡಬ್ಬಿಗಳ ಕೆಳಗೆ ಹಾಸಿದ್ದ ಪೇಪರಿನ ಅಂಚನ್ನು ಸಾಲಾಗಿ ಬಳುಕು ಬಳುಕಾಗಿ ಕತ್ತರಿಸಿದ್ದಳು. ನೋಡುತ್ತಲೇ ಗುರುತು ಹತ್ತಿತು, ನಾನು ಕಲಿಸಿದ ರವಿಕೆ ಕೊರಳಿನ ಸುತ್ತು. ಬಟ್ಟೆಗೆ ಬಂದಿದ್ದ ಕೈ ಮತ್ತೆ ಪೇಪರಿಗೇ ಹೋಗಿತ್ತು.

ಹೊರಡುವಾಗ ಕುಂಕುಮ ಕೊಟ್ಟು ಒಂದು ನೀಲಿ ಕಣ ಕೈಗಿಟ್ಟಳು. ಆಮೇಲೆ, ಅಳತೆ ತೆಗೆಯುತ್ತಿದ್ದಾಗ ನೋಡುತ್ತಿದ್ದ ಹಾಗೆಯೇ ನನ್ನ ಭುಜ ನೋಡಿದಳು.

"ಇದ್ನ ಯಾರ್ಗೂ ದಾಟಿಸ್ಬೇಡಿ ಮೇಡಂ, ಹೊಲ್ಕೊಳಿ. ದಪ್ಪ ಆಗಿದೀರ, ತೋಳಿನ ಹತ್ರ ಸ್ವಲ್ಪ ಜಾಸ್ತಿ ಬುಡಿ."

"ನೀನೇ ಹೊಲ್ಕೊಡೇ," ಎಂದೆ.

ಅವಳು ಹಜಾರದ ಕಡೆ ನೋಡಿದಳು. ಅತ್ತೆ ಅಲ್ಲೇ ಕುಳಿತಿದ್ದರು. ಇಲ್ಲವೆಂದು ತಲೆಯಾಡಿಸಿದಳು.

ಆ ಕಣವನ್ನು ನಾನು ಯಾರಿಗೂ ಕೊಟ್ಟಿಲ್ಲ. ಹೊಲಿಯೋಣವೆಂದು ಎಷ್ಟೋ ಸಲ ಕತ್ತರಿ ಹಿಡಿದು ಕೂತಿದ್ದೇನೆ. ಗುರುತು ಹಾಕುತ್ತಾ ತೋಳಿನ ಹತ್ತಿರ ಬರುವಷ್ಟರಲ್ಲಿ ಅಳು ಬರುತ್ತದೆ, ಮಡಿಸಿ ಒಳಗಿಡುತ್ತೇನೆ.