ಖೋಟಾ ಮಲ್ಲಿಗೆಯ ವಾಲ್ಬೋರ್ಗ್

ಡೆನ್ಮಾರ್ಕಿನ ರಾಂಡರ್ಸ್ ಊರಿನ ರೈಲು ಹಳಿ ಪಕ್ಕದ ನಮ್ಮ ತೋಟದ ಸಂಘದಲ್ಲಿ ನಲವತ್ತೆರಡು ತುಂಡು ನೆಲ, ನಲವತ್ತೆರಡು ಮರದ ಗುಡಿಸಲು, ನಲವತ್ತೆರಡು ಬಾವುಟದ ಕಂಬ ಇದ್ದವು. ವಾಲ್ಬೋರ್ಗ್ ಮಾತ್ರ ಒಬ್ಬಳೇ. ಇಬ್ಬರಿದ್ದಿದ್ದರೆ ಸಂಘ ಎಂದೋ ಮುಚ್ಚಿಹೋಗುತ್ತಿತ್ತು.

ಮೂವತ್ತು ವರ್ಷ ಕೈಗವಸಿನ ಕಾರ್ಖಾನೆಯಲ್ಲಿ ಊರವರ ಕೈಗೆಲ್ಲ ಗವಸು ಹೊಲಿದವಳು, ತಾನು ಮಾತ್ರ ಬರಿಗೈಯಲ್ಲಿ ಮುಳ್ಳು ಗುಲಾಬಿ ಸವರುತ್ತಿದ್ದಳು. ವಾಸನೆಯಿಲ್ಲದ ಹೂವು ಅವಳ ಗೇಟು ದಾಟಿ ಒಳಗೆ ಬಂದದ್ದೇ ಇಲ್ಲ. ನಾನು ಪಕ್ಕದ ತೋಟದಲ್ಲಿ ಮುತುವರ್ಜಿಯಿಂದ ಬೆಳೆಸಿದ್ದ ಡೇಲಿಯಾಗಳನ್ನು ಒಮ್ಮೆ ಮೂಸಿ ನೋಡಿ, "ಪಾಪ, ಇವಕ್ಕೆ ಶೀತ ಆಗಿದೆಯೇನೋ" ಎಂದಿದ್ದಳು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವಳ ತೋಟದಲ್ಲಿ ಮೇ ತಿಂಗಳಿಗೆ ಲೈಲಾಕ್, ಜೂನ್ ಮೊದಲಿಗೆ ಪಿಯೋನಿ, ಬಾಗಿಲ ಬುಡದಲ್ಲಿ ಲವಂಗದ ಘಮದ ಪುಟ್ಟ ಕಾರ್ನೇಷನ್, ಆಗಸ್ಟಿಗೆ ಫ್ಲಾಕ್ಸ್. ಆದರೆ ದಾರಿಯುದ್ದಕ್ಕೂ ಬೇಲಿಯಾಗಿ ನಿಂತದ್ದು ಒಂದೇ ಪೊದೆ. ಬಿಳಿ ಹೂವು, ಮಲ್ಲಿಗೆಯ ಘಮ, ಆದರೆ ಮಲ್ಲಿಗೆಯಲ್ಲ. ಅದಕ್ಕೆ ನಮ್ಮಲ್ಲಿ ಖೋಟಾ ಮಲ್ಲಿಗೆ ಎಂದೇ ಹೆಸರು. ಡೇನಿಷ್ ಮಾತಿನಲ್ಲಿ ಖೋಟಾ ಅನ್ನುವುದಕ್ಕೂ ಮದುವೆಯಿಲ್ಲದೆ ಹುಟ್ಟಿದ ಮಗು ಅನ್ನುವುದಕ್ಕೂ ಒಂದೇ ಪದ.

ವಾಲ್ಬೋರ್ಗ್ ಕೂಡ ಅದೇ ಪದದವಳು. ಅವಳ ತಾಯಿ ಒಂದು ಹಳ್ಳಿಯ ಪಾದ್ರಿಯ ಮನೆಯಲ್ಲಿ ಕೆಲಸಕ್ಕಿದ್ದಳು. ಪಾದ್ರಿಗೊಬ್ಬ ಮಗನಿದ್ದ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ, ಇಡೀ ಹಳ್ಳಿಯೇ ಊಹಿಸಿತ್ತು. ಹೊಟ್ಟೆ ಕಾಣಿಸಿಕೊಂಡ ವಾರವೇ ಅವಳನ್ನು ಹೊರಗೆ ಹಾಕಿದರು. ಹೋಗುವಾಗ ಅವಳು ಪಾದ್ರಿಯ ತೋಟದ ಆ ಪೊದೆಯಿಂದ ಒಂದು ಕಡ್ಡಿ ಮುರಿದು, ಒದ್ದೆ ಕಾಲುಚೀಲದಲ್ಲಿ ಸುತ್ತಿಕೊಂಡು ಹೊರಟಳು. ಮಗು ಹುಟ್ಟಿದಾಗ ಚರ್ಚಿನ ಪುಸ್ತಕದಲ್ಲಿ 'ಖೋಟಾ' ಎಂದು ನಮೂದಿಸಿದವನೂ ಅದೇ ಪಾದ್ರಿ.

"ನಮ್ ತಾತನೇ ಬರ್ದಿದ್ದು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿದೆ," ಎಂದು ಅವಳು ನನ್ನ ಹತ್ತಿರ ಕಾಫಿ ಹೀರುತ್ತಾ ಹೇಳಿದ್ದಳು. "ಅಪ್ಪನ ಕಡೆಯಿಂದ ನಂಗೆ ಬಂದ ಆಸ್ತಿ ಅಂದ್ರೆ ಈ ಬೇಲಿ ಒಂದೇ."

ಆ ಆಸ್ತಿಗೆ ಕುತ್ತು ಬಂದದ್ದು ಐವಿಂಡ್ ಅಧ್ಯಕ್ಷನಾದ ಮೇಲೆ. ಬೇರೆ ಊರಿನವನು, ಬಸ್ಸಿನಲ್ಲಿ ಟಿಕೆಟ್ ತನಿಖೆ ಮಾಡುವವನು. ಸಂಘದ ಹದಿನಾಲ್ಕನೇ ನಿಯಮದ ಪ್ರಕಾರ ಜೂನ್ ಇಪ್ಪತ್ತಮೂರರ ಸಂತ ಹಾನ್ಸ್ ಹಬ್ಬದ ಸಂಜೆ ಬೆಂಕಿ ಹಚ್ಚುವುದರೊಳಗೆ ಎಲ್ಲರ ಬೇಲಿಯೂ ಒಂದು ಮೀಟರ್ ಎಂಬತ್ತಕ್ಕೆ ಇಳಿದಿರಬೇಕು. ನಮ್ಮದೆಲ್ಲ ಹೂವಿಲ್ಲದ ಹಸಿರು ಬೇಲಿ, ಕತ್ತರಿಸಿದರೆ ಏನೂ ಹೋಗುವುದಿಲ್ಲ. ಖೋಟಾ ಮಲ್ಲಿಗೆ ಮೊಗ್ಗು ಬಿಚ್ಚುವುದೇ ಆ ವಾರ. ಹಳೆಯ ಅಧ್ಯಕ್ಷರು ಆ ಬೇಲಿಯ ಮುಂದೆ ಬಂದಾಗಲೆಲ್ಲ ಆಕಾಶ ನೋಡುತ್ತಿದ್ದರು. ಐವಿಂಡ್ ಅಳತೆ ಕೋಲು ನೋಡಿದ. ಎರಡು ವರ್ಷದಲ್ಲಿ ಎರಡು ಎಚ್ಚರಿಕೆ ಪತ್ರ ಹೋದವು. ಮೂರನೆಯದು ಹೋದರೆ ನೆಲವೇ ವಾಪಸ್ಸು. ಕಾರ್ಯದರ್ಶಿಯಾದ ತಪ್ಪಿಗೆ ಆ ಎರಡನ್ನೂ ಬರೆದವನು ನಾನೇ.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಹಬ್ಬದ ದಿನ ಬೆಳಿಗ್ಗೆ ಐವಿಂಡ್ ಕೋಲು ಹಿಡಿದು, ನಾನು ಪುಸ್ತಕ ಹಿಡಿದು ಅವಳ ಗೇಟಿನ ಮುಂದೆ ನಿಂತೆವು. ಬೇಲಿ ಅರ್ಧ ಅರಳಿತ್ತು.

"ಎರಡು ಮೀಟರ್ ಇಪ್ಪತ್ತಿದೆ, ವಾಲ್ಬೋರ್ಗ್," ಎಂದ ಅವನು.

"ಕೋಲಿಲ್ದೇನೂ ಗೊತ್ತು."

"ಸಂಜೆಯೊಳಗೆ ಕತ್ತರಿಸ್ಬೇಕು ನೀವು. ಇದು ಮೂರನೇ ಸಲ."

"ಅಧ್ಯಕ್ಷ್ರೇ, ಮೊಗ್ಗು ಈಗ ತಾನೇ ಬಿಚ್ತಾ ಇದೆ. ಎರಡು ವಾರ ಬಿಟ್ಬಿಡಿ. ಆಮೇಲೆ ನಾನೇ ಬೋಳಿಸ್ತೀನಿ, ನಿಮ್ ತಲೆಗಿಂತ ನುಣ್ಣಗೆ."

ಐವಿಂಡ್ ಟೋಪಿ ಸರಿಮಾಡಿಕೊಂಡ. "ನಿಯಮ ಎಲ್ಲಾರ್ಗೂ ಒಂದೇ. ಅಷ್ಟಕ್ಕೂ ಇದೇನು ನಿಜವಾದ ಮಲ್ಲಿಗೆನಾ? ಖೋಟಾ ತಾನೆ. ಖೋಟಾಕ್ಕೆ ಯಾಕಿಷ್ಟು ರಂಪ?"

ಅವನಿಗೆ ಅವಳ ಹುಟ್ಟಿನ ಕತೆ ಗೊತ್ತಿರಲಿಲ್ಲ, ನಿಜ. ಆದರೂ ಆ ಕ್ಷಣಕ್ಕೆ ಕೋಲು ಕಿತ್ತು ಅವನ ಬೆನ್ನಿಗೇ ಎರಡು ಬಿಡೋಣ ಅನ್ನಿಸಿತು ನನಗೆ. ವಾಲ್ಬೋರ್ಗ್ ಕೈಯಲ್ಲಿದ್ದ ಕತ್ತರಿಯನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟಳು. ಮಾತಿನಲ್ಲಿದ್ದ ಬಹುವಚನವನ್ನೂ ಅದರ ಜೊತೆಗೇ ಇಟ್ಟಳು.

"ನನ್ನನ್ನೂ ಹಾಗಂತಾನೇ ಬರ್ಕೊಂಡಿದ್ರು ಕಣೋ, ಚರ್ಚಿನ ಪುಸ್ತಕದಲ್ಲಿ. ಅದೇ ಪದ. ನಿನ್ ಮಗಳು ವಿಬೆಕೆಗೆ ಆಗಸ್ಟಿಗೆ ಹೆರಿಗೆ ಅಂತಲ್ಲ. ಆ ಗಡ್ಡದವನ ಜೊತೆ ಮದುವೆ ಗಿದುವೆ ಏನೂ ಆದ ಹಾಗಿಲ್ಲ. ಆ ಮಗೂನ ಏನಂತ ಕರೀತೀಯ?"

ಐವಿಂಡ್ ಕುತ್ತಿಗೆಯಿಂದ ಕೆಂಪಗಾಗುತ್ತಾ ಹೋದ. "ಅದು ಬೇರೆ. ಈಗೆಲ್ಲ ಹಾಗೆ ಬರಿಯಲ್ಲ."

"ಹೌದು, ಬರಿಯಲ್ಲ. ಆ ನಿಯಮ ಬದಲಾಯ್ಸಿದ್ರು. ಅದು ಬದಲಾಗೋಕೆ ನಾನು ಇಪ್ಪತ್ತಾರು ವರ್ಷ ಕಾದೆ. ನಿಂಗೆ ಎರಡು ವಾರ ಕಾಯೋಕಾಗಲ್ವಾ?"

ಐವಿಂಡ್ ಅಳತೆ ಕೋಲನ್ನು ಕಂಕುಳಿಗೆ ಸಿಕ್ಕಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಏನ್ ಬರ್ಕೊಂಡೆ?" ಎಂದು ಕೇಳಿದ.

ಏನೂ ಬರೆದಿರಲಿಲ್ಲ. ಅವನ ಎದುರಿಗೇ ಬರೆದೆ: 'ಜೋರು ಮಳೆಯಿಂದಾಗಿ ಈ ಬೇಲಿಯ ಅಳತೆ ಸಾಧ್ಯವಾಗಲಿಲ್ಲ.' ಬಿಸಿಲು ಕಣ್ಣು ಚುಚ್ಚುತ್ತಿತ್ತು. ಐವಿಂಡ್ ಅದನ್ನು ಎರಡು ಸಲ ಓದಿ ಸಹಿ ಹಾಕಿದ. ಅವನ ಬದುಕಿನಲ್ಲಿ ಅದೇ ಮೊದಲ ಸುಳ್ಳು ಸಹಿ ಇರಬೇಕು.

ವಾಲ್ಬೋರ್ಗ್ ಮಾತಿಗೆ ತಪ್ಪಲಿಲ್ಲ. ಹೂವು ಉದುರಿದ ಮರುದಿನವೇ ಬೇಲಿಯನ್ನು ಒಂದೂವರೆ ಮೀಟರಿಗೆ ಇಳಿಸಿದಳು. ಮರುವರ್ಷದ ವಸಂತದ ಸಭೆಯಲ್ಲಿ ಐವಿಂಡ್ ತಾನೇ ಎದ್ದು ನಿಂತು ಹದಿನಾಲ್ಕನೇ ನಿಯಮಕ್ಕೆ ಒಂದು ಸಾಲು ಸೇರಿಸಬೇಕೆಂದ: 'ಖೋಟಾಗಳಿಗೆ ಎರಡು ವಾರ ಹೆಚ್ಚಿನ ಅವಧಿ.' ನಲವತ್ತು ಕೈ ಮೇಲೆದ್ದವು. ಒಬ್ಬ ನಿದ್ದೆ ಮಾಡುತ್ತಿದ್ದ. ವಾಲ್ಬೋರ್ಗ್ ಕೈ ಎತ್ತಲಿಲ್ಲ, ಕರವಸ್ತ್ರ ಹುಡುಕುತ್ತಿದ್ದಳು. ಅವಳಿಗೂ ಶೀತವೇನೋ ಎಂದು ಕೇಳಬೇಕೆಂದಿದ್ದೆ, ಬದಲಿಗೆ ನನ್ನ ಕರವಸ್ತ್ರ ಕೊಟ್ಟೆ.

ಆ ಜುಲೈನಲ್ಲಿ ಐವಿಂಡ್ ಮೊಮ್ಮಗಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅವಳ ಗೇಟಿಗೆ ಬಂದ. ನಾನು ಈಚೆ ನನ್ನ ಡೇಲಿಯಾಗಳ ನಡುವೆ ಇದ್ದೆ.

"ವಾಲ್ಬೋರ್ಗ್, ನಿಮ್ ಬೇಲಿದು ಒಂದು ಕಡ್ಡಿ ಬೇಕಿತ್ತು. ಇವಳ ಹೆಸರಲ್ಲಿ ನೆಡೋಣ ಅಂತ."

"ಕೇಳಿ ಇಸ್ಕೊಂಡ್ರೆ ಬೇರು ಬಿಡಲ್ಲ. ಕದ್ದಿದ್ದೇ ಹಿಡಿಯೋದು ಅನ್ನೋದು ಗೊತ್ತಿಲ್ವಾ? ನಮ್ಮಮ್ಮ ಕದ್ದಿದ್ದು ನೋಡು, ಹೇಗಿದೆ."

ಹಾಗೆಂದವಳೇ ಬೇಲಿಗೆ ಬೆನ್ನು ಮಾಡಿ ಗಾಡಿಯ ಮೇಲೆ ಬಗ್ಗಿದಳು. ಐವಿಂಡ್ ಅತ್ತ ನೋಡಿದ, ಇತ್ತ ನೋಡಿದ, ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಚಟ್ ಎಂದು ಸದ್ದಾಯಿತು. ಕಡ್ಡಿಯನ್ನು ಟಿಕೆಟ್ ಚೀಲಕ್ಕೆ ತುರುಕಿ, ರೂಢಿಯಂತೆ ಧನ್ಯವಾದ ಹೇಳಲು ಬಾಯಿ ತೆರೆದ.

"ಬೇಡ, ಥ್ಯಾಂಕ್ಸ್ ಅಂದ್ರೆ ಗಿಡ ಸತ್ತೋಗುತ್ತೆ," ಎಂದಳು ಅವಳು, ತಿರುಗದೆಯೇ. ಆಮೇಲೆ ಆ ಹೆಣ್ಣುಮಗುವಿನ ಕೆನ್ನೆಗೆ ಒರಟು ಬೆರಳು ತಾಗಿಸಿ ಹೇಳಿದಳು: "ನಿಮ್ ತಾತ ಕಳ್ಳ ಕಣೇ ಮರಿ. ನಮ್ ತಾತನಿಗಿಂತ ಎಷ್ಟೋ ವಾಸಿ."